ಇಂಗ್ಲಿಷಿನ ಅಂಗಳ

ಅಮರಗುಂಡಪ್ಪ ಸಾವ್ಕಾರನ ಅಂಗಳ ಕರೆಮ್ಮನ ಕಸಬರಿಗೆಯ ಪಾಲಿನದು. ಪಡಸಾಲೆ ಅಲ್ಲ. ಅಂಗಳ ಮುಗಿದು ಮೆಟ್ಟಿಲು ಶುರುವಾಗುವಲ್ಲಿ ಕಸಬರಿಗೆ ನಿಲ್ಲಬೇಕು. ಮೆಟ್ಟಿಲ ಮೇಲೆ ಬಿದ್ದ ಬೇವಿನೆಲೆ ಅವಳದಲ್ಲ. ಗಾಳಿಗೆ ಅದು ಕೆಳಗುರುಳಿತೋ, ಆಗ ಅವಳದು.

ಆ ಪಡಸಾಲೆಯಲ್ಲಿ ಕೂಸುಗಳ ಶಾಲೆ ನಡೆಯುತ್ತಿತ್ತು. ನಿಜಾಮನ ಸರ್ಕಾರ ಹೋಯಿತು, ನಮ್ಮ ಸರ್ಕಾರ ಬಂತು ಎಂದು ಊರವರು ಹೇಳಿಕೊಳ್ಳುತ್ತಿದ್ದ ಕಾಲ. ಬಂದದ್ದಕ್ಕೆ ಎರಡು ಗುರುತು ಕಾಣುತ್ತಿದ್ದವು. ಒಂದು, ಸಿಂಧನೂರಿನ ಕಡೆಯಿಂದ ಎರೆಹೊಲಗಳನ್ನು ಸೀಳುತ್ತ ಬರುತ್ತಿದ್ದ ಕಾಲುವೆ. ಇನ್ನೊಂದು, ಈ ಶಾಲೆ. ಸಣ್ಣ ಮಕ್ಕಳು ಬಂದು ಕೂಡಬೇಕು, ಆಡಬೇಕು, ಸರ್ಕಾರದ ಪುಡಿ ಕಲಸಿದ ಹಾಲು ಕುಡಿದು ಹೋಗಬೇಕು. ಸಾವ್ಕಾರ ಜಾಗ ಕೊಟ್ಟ. ಸೊಸೆ ಕಸ್ತೂರೆಮ್ಮನನ್ನೇ ಟೀಚರಮ್ಮ ಮಾಡಿದ. ಶಾಲೆ ಊರಿನ ಎಲ್ಲ ಮಕ್ಕಳಿಗೂ ಎಂದು ಹುಕುಮು ಇತ್ತು. ಅದಕ್ಕೇ ಮಾದಿಗರ ಕೇರಿಯ ಮಕ್ಕಳ ಹೆಸರನ್ನೂ ಸರ್ಕಾರಕ್ಕೆ ಕೊಟ್ಟಿದ್ದರು. ಹೆಸರುಗಳು ಒಳಗಿದ್ದವು. ಮಕ್ಕಳು ಹೊರಗಿದ್ದರು.

ಕರೆಮ್ಮನ ಮಗಳು ಮುದುಕಮ್ಮನೂ ಹೊರಗೇ. ಅಜ್ಜಿಯ ಹೆಸರಿಟ್ಟದ್ದರಿಂದ ಆ ನಾಲ್ಕು ವರ್ಷದ ಕೂಸನ್ನು ಕೇರಿಯವರೆಲ್ಲ ಮುದುಕಿ ಎಂದು ಕರೆಯುತ್ತಿದ್ದರು. ತಾಯಿ ಗುಡಿಸುವಾಗ ಮುದುಕಿ ಬೇವಿನ ಮರದ ಬುಡದಲ್ಲಿ ನಿಲ್ಲುತ್ತಿತ್ತು. ಒಳಗಿನ ಮಕ್ಕಳು ಹಾಡಿದರೆ ಇದರ ತುಟಿಯೂ ಅಲ್ಲಾಡುತ್ತಿತ್ತು. ಹಾಲಿನ ವಾಸನೆ ಬಂದರೆ ಉಗುಳು ನುಂಗುತ್ತಿತ್ತು. ಕರೆಮ್ಮ ಅದನ್ನು ನೋಡುತ್ತಿದ್ದಳು. ನೋಡುವುದು ಅವಳ ಸ್ವಭಾವ. ಮಾತು ಕಡಿಮೆ. ಕೇರಿಯ ಹೆಂಗಸರು ಅವಳಿಗೆ ಮೂಕಿ ಎಂದು ಹೆಸರಿಟ್ಟಿದ್ದರು.

ಒಂದು ದಿನ ಮುಂಜಾನೆಯೇ ಲಿಂಗಸುಗೂರಿನಿಂದ ಚಪರಾಸಿ ಬಂದ. ಒಂದು ಪೆಟ್ಟಿಗೆ ಇಳಿಸಿದ. ಒಳಗೆ ಬಣ್ಣ ಬಳಿದ ಕಟ್ಟಿಗೆಯ ತುಂಡುಗಳು. ಕೆಂಪು ಬಣ್ಣದ್ದು ದುಂಡಗೆ, ನೀಲಿಯದು ಚೌಕ, ಹಳದಿಯದಕ್ಕೆ ಮೂರು ಮೂಲೆ, ಹಸಿರಿನದು ಉದ್ದನೆಯ ಚೌಕ.

"ನಾಳೆ ಮುಂಜಾನೆ ದೊಡ್ಡ ಮೇಡಮ್ಮಾರು ಜೀಪಿನ್ಯಾಗ ಬರ್ತಾರ್ರಿ. ದೂರದ ಊರಿನೋರು, ಕನ್ನಡ ಬರಂಗಿಲ್ಲ. ಒಂದೊಂದ ತುಂಡು ಎತ್ತಿ ತೋರಸ್ತಾರ. ಕೂಸುಗಳು ಇಂಗ್ಲಿಷಿನ್ಯಾಗ ಹೆಸರು ಹೇಳಬೇಕು. ಹೇಳಿದ್ವು ಅಂದ್ರ ನಿಮ್ಮ ಶಾಲಿ ಖಾಯಂ," ಎಂದ. ಮಜ್ಜಿಗೆ ಕುಡಿದು ಹೋದ.

ಕಸ್ತೂರೆಮ್ಮ ತವರಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದವಳು. ಇಂಗ್ಲಿಷು ಅವಳಿಗೆ ಬಾರದು. ಸಾವ್ಕಾರ ಉರ್ದು ಶಾಲೆಯ ಹಳೆಯ ಮಾಸ್ತರು ಕರಿಬಸಯ್ಯನವರನ್ನು ಕರೆಸಿದ. ಕರೆಮ್ಮ ಅವರನ್ನು ಬಲ್ಲಳು. ಹುಡುಗಿಯಾಗಿದ್ದಾಗ ಕೆಲವು ತಿಂಗಳು ಅವರ ಶಾಲೆಯ ಕಿಟಕಿಯ ಹೊರಗೆ ಕೂತಿದ್ದಳು. ತಪ್ಪು ಮಾಡಿದರೆ ಅವರು ಬೆತ್ತವನ್ನು ಅವಳ ಮೇಲೆ ಎಸೆಯುತ್ತಿದ್ದರು. ಹತ್ತಿರ ಹೋಗಿ ಹೊಡೆಯುವಂತಿರಲಿಲ್ಲ. ಬಿದ್ದ ಬೆತ್ತಕ್ಕೆ ಯಾರಾದರೂ ನೀರು ಚಿಮುಕಿಸಿ ಎತ್ತಿ ಕೊಡುತ್ತಿದ್ದರು. ಒಂದು ದಿನ ಬೆತ್ತ ಕಣ್ಣಿನ ಪಕ್ಕಕ್ಕೆ ಬಿತ್ತು. ಮರುದಿನದಿಂದ ಕರೆಮ್ಮ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಸಾವ್ಕಾರ ಕೆಂಪು ತುಂಡನ್ನು ಎತ್ತಿ ಹಿಡಿದ. "ಇದಕ್ಕೇನಂತಾರ್ರಿ ಅಯ್ಯಾರ?"

"ದಾಯಿರಾ."

"ಅದು ಉರ್ದು ಆತಲ್ರಿ."

"ಚೌಕಕ್ಕ ಮುರಬ್ಬಾ. ಮೂರು ಮೂಲಿದು ಮುಸಲ್ಲಸ್."

"ಮುರಬ್ಬಾ ತಿನ್ನೋದಲ್ಲೇನ್ರಿ? ಹೈದ್ರಾಬಾದಿಗೆ ಹೋದಾಗ ತಿಂದೀನಿ ನಾ. ಮಾವಿನಕಾಯಿದು."

"ಅದೂ ಮುರಬ್ಬಾನ, ಇದೂ ಮುರಬ್ಬಾನ."

"ನಿಮ್ಮ ಮುರಬ್ಬಾ ತಗೊಂಡು ಆ ಮೇಡಮ್ಮನ ಬಾಯಿಗೆ ಹಾಕಲೇನು ನಾ? ಇಂಗ್ಲಿಷ್ ಹೇಳ್ರಿ ಅಂದ್ರ."

ಕರಿಬಸಯ್ಯನವರು ಪೇಟ ಸರಿಮಾಡಿಕೊಂಡರು. "ಕಾಲುವಿ ಕ್ಯಾಂಪಿನ್ಯಾಗ ಓವರ್ಸಿಯರ್ ಅದಾನಲ್ಲ, ಅವಗ ಮಾಲೂಮ್ ಇರತೈತಿ."

"ಹಂಗಾರ ಹೋಗಿ ಕೇಳ್ಕೊಂಡ್ ಬರ್ರಿ."

"ನಾನ? ಮಾಸ್ತರ್ ಆದಾವ ಹೋಗಿ, ಸ್ವಾಮಿ, ಚೌಕಕ್ಕ ಏನಂತಾರ ಅಂತ ಕೇಳಲೇನು?"

ಸಾವ್ಕಾರನ ಆಳುಗಳು ಹೋಗುವಂತಿರಲಿಲ್ಲ. ಕಾಲುವೆ ತನ್ನ ಹೊಲದ ನಡುವೆ ಬರಬಾರದೆಂದು ಸಾವ್ಕಾರ ತಕರಾರು ಹಾಕಿದ್ದ. ಅವನ ಕಡೆಯವರು ಕ್ಯಾಂಪಿನ ಹತ್ತಿರ ಸುಳಿದರೆ ಓವರ್ಸಿಯರ್ ಬೈದು ಅಟ್ಟುತ್ತಿದ್ದ.  ಅಷ್ಟರಲ್ಲಿ ಕಸಬರಿಗೆಯ ಸಪ್ಪಳ ಕೇಳಿಸಿತು. ಎಲ್ಲರ ಕಣ್ಣು ಅಂಗಳಕ್ಕೆ ಬಂದವು.

"ಏ ಕರಿ, ನಿನ್ನ ಗಂಡ ಅಲ್ಲೇ ಮಣ್ಣು ಅಗೀತಾನಲ್ಲ? ಹೋಗಿ ಕೇಳ್ಕೊಂಡ್ ಬಾ. ದುಂಡಂದು, ಚೌಕದ್ದು, ಮೂರ್ ಮೂಲಿದು, ಉದ್ದನ್ ಚೌಕದ್ದು. ನಾಕು ಹೆಸರು. ತಪ್ಪಿಸಿಗಿಪ್ಪಿಸಿ ಬಂದಿ, ನೋಡು."

ಕರೆಮ್ಮ ಕಸಬರಿಗೆಯನ್ನು ನೋಡುತ್ತ ನಿಂತಳು.  ಆಮೇಲೆ ಕಸಬರಿಗೆಗೇ ಹೇಳಿದಳು. "ನನ್ನ ಕೂಸು ಒಳಗ ಕುಂದ್ರಬೇಕ್ರಿ."

"ಏನು?"

"ಎಲ್ಲಾರ ಜೋಡಿ. ಪಡಸಾಲ್ಯಾಗ."

ಸಾವ್ಕಾರ ನಕ್ಕ. "ಅಯ್ಯಾರ, ಮೂಕಿ ಬಾಯಿ ಬಿಟ್ಲು ನೋಡ್ರಿ! ಆತು, ಕುಂದ್ರಲಿ. ನೀ ಹೋಗು ಮೊದಲು."

ಕಸ್ತೂರೆಮ್ಮ ಬಾಗಿಲಿಗೆ ಬಂದಳು. ಕರೆಮ್ಮನ ವಾರಿಗೆಯವಳೇ. ಮಾವನ ಮುಂದೆ ಸೆರಗು ಸರಿಮಾಡಿಕೊಂಡು ಸಣ್ಣ ದನಿಯಲ್ಲಿ ಅಂದಳು: "ಕೂಸಿನ್ನ ಬಿಟ್ಟು ಹೋಗು ಕರೆಮ್ಮ. ನಾ ಕುಂದ್ರಿಸ್ಕೋತೀನಿ."

ಮುದುಕಿ ಮೆಟ್ಟಿಲ ಮೇಲೆ ಕಾಲಿಟ್ಟದ್ದನ್ನು ಕರೆಮ್ಮ ಕಣ್ಣಾರೆ ಕಂಡಳು. ಕೂಸು ಒಂದು ಮೆಟ್ಟಿಲು ಹತ್ತಿ ತಿರುಗಿ ತಾಯಿಯನ್ನು ನೋಡಿತು. ಬೈಗುಳ ಬರಲಿಲ್ಲ. ಇನ್ನೊಂದು ಹತ್ತಿತು. ಕರೆಮ್ಮ ಸೆರಗು ಬಿಗಿದುಕೊಂಡು ಕ್ಯಾಂಪಿನ ದಾರಿ ಹಿಡಿದಳು.

ಕ್ಯಾಂಪು ಹರದಾರಿ ದೂರ. ಓವರ್ಸಿಯರ್ ತೆಲುಗಿನವನು. ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕರೆಮ್ಮ ದೂರ ನಿಂತು, ಬಂದ ಕೆಲಸ ಹೇಳಿದಳು. ಅವನು ಕಿವಿಗೆ ಕೈಯಿಟ್ಟು ಎರಡು ಸಲ ಹೇಳಿಸಿದ. ಮೂರನೆಯ ಸಲಕ್ಕೆ ಸುತ್ತಲಿನವರೆಲ್ಲ ಕೇಳುವಂತೆ ನಕ್ಕ.

"ಇಂಗ್ಲಿಷ್ ಬೇಕಾ? ಏಮಮ್ಮಾ, ಎಮ್ಮೆ ಜೊತೆ ಮಾತಾಡ್ತೀಯಾ?"

ಮೇಸ್ತ್ರಿ ನಕ್ಕ. ನೀರು ಹೊರುವವನು ನಕ್ಕ. ಸೊಂಟದ ಮಟ್ಟ ಗುಂಡಿಯಲ್ಲಿ ನಿಂತು ಅಗೆಯುತ್ತಿದ್ದ ದುರುಗಪ್ಪ, ಅವಳ ಗಂಡ, ತಲೆ ಎತ್ತಲಿಲ್ಲ.

"ಹೇಳ್ತೀನಿ. ಪುಕ್ಕಟೆ ಹೇಳೋಕೆ ನಾನೇನು ನಿಮ್ಮ ಮಾವನಾ? ಇವತ್ತು ಮಣ್ಣು ಹೊರೋ ಹೆಂಗಸರು ಕಡಿಮೆ. ಆ ಗುಂಡಿ ಮಣ್ಣು ಎಲ್ಲಾ ದಂಡೆ ಮೇಲೆ ಹಾಕು. ಆಮೇಲೆ ಬಾ."

ಕರೆಮ್ಮ ಸೆರಗು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟಳು. ಬುಟ್ಟಿ ಎತ್ತಿದಳು.

ಗುಂಡಿಯ ತಳದ ಎರೆಮಣ್ಣು ಹಸಿಯಿತ್ತು. ಕಲ್ಲಿಗಿಂತ ಭಾರ. ಬುಟ್ಟಿಯಿಂದ ಸುಲಭಕ್ಕೆ ಬೀಳದು, ಕೈಯಿಂದ ಕೆರೆದು ಬೀಳಿಸಬೇಕು. ದಂಡೆ ಕಡಿದಾಗಿತ್ತು. ಹತ್ತುವಾಗ ಹೆಬ್ಬೆರಳು ಊರಿ ಹತ್ತಬೇಕು, ಇಳಿಯುವಾಗ ಹಿಮ್ಮಡಿ ಊರಿ ಇಳಿಯಬೇಕು. ಬಿಸಿಲು ಏರಿತು. ಸಿಂಬಿ ತೊಯ್ದು ತಲೆಗೆ ಅಂಟಿತು. ಕುತ್ತಿಗೆಯ ನರ ಒಂದು ಹಗ್ಗದಂತೆ ಎದ್ದು ನಿಂತಿತು. ಬೆವರು ಕಣ್ಣಿಗಿಳಿದರೆ ಒರೆಸಲು ಕೈ ಖಾಲಿ ಇಲ್ಲ. ದುರುಗಪ್ಪ ಬುಟ್ಟಿಯನ್ನು ಅರ್ಧಕ್ಕೆ ತುಂಬಿದರೆ ಮೇಸ್ತ್ರಿ ಮೇಲಿನಿಂದ ಕೂಗುತ್ತಿದ್ದ, "ಹೆಂಡ್ತಿ ಮ್ಯಾಲ ಮೋಹ ಬಂತೇನಲೇ? ತುಂಬು ತುಂಬ!"

ಮಣ್ಣು ತುಂಬುತ್ತ ದುರುಗಪ್ಪ ಪಿಸುಗುಟ್ಟಿದ. "ಮನಿಗೆ ಹೋಗು ಬೇ. ನಾಕು ಮಾತಿಗೆ ಕುತಿಗಿ ಮುರ್ಕೋಬ್ಯಾಡ."

"ಕೂಸು ಒಳಗ ಕುಂತೈತಿ," ಎಂದಳು ಕರೆಮ್ಮ.

ಅಷ್ಟೇ ಮಾತು. ದುರುಗಪ್ಪ ಸಲಿಕೆ ನಿಲ್ಲಿಸಿ ಅವಳ ಮುಖ ನೋಡಿದ. ಮತ್ತೆ ತುಂಬಿದ.

ಗುಂಡಿ ಬರಿದಾಗುವ ಹೊತ್ತಿಗೆ ನೆರಳು ಕಾಲಡಿಗೆ ಬಂದಿತ್ತು. ಓವರ್ಸಿಯರ್ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಕೊಟ್ಟ ಮಾತು ಮರೆತಿರಲಿಲ್ಲ, ಅದೊಂದು ದೊಡ್ಡದು. ಕೋಲಿನಿಂದ ಮಣ್ಣಿನ ಮೇಲೆ ದುಂಡಗೆ ಗೆರೆ ಎಳೆದ.

"ಸರ್ಕಲ್."

ಕರೆಮ್ಮ ಹೆಜ್ಜೆ ಹಿಂದಿಟ್ಟಳು. ಸರ್ಕಲ್ ಅಂದರೆ ಅವಳಿಗೆ ಗೊತ್ತು. ಪೋಲೀಸ್ ಆಕ್ಷನ್ ಆದ ಮೇಲೆ ಕೇರಿಗೆ ಬಂದಿದ್ದ ಖಾಕಿಯ ಸಾಹೇಬ. ಯಾರದೋ ಮನೆಯ ಕಳವಿಗೆ ಕೇರಿಯ ಗಂಡಸರನ್ನೆಲ್ಲ ಸಾಲಾಗಿ ಬಗ್ಗಿಸಿ ನಿಲ್ಲಿಸಿದವನು. "ಸರ್ಕಲ್ ಬಂದ" ಎಂದರೆ ಇಂದಿಗೂ ಮಕ್ಕಳು ಮಂಚದ ಕೆಳಗೆ ಹೋಗುತ್ತಿದ್ದರು.

"ಸರ್ಕಲ್ ಯಾಕ್ರಿ? ನಾವೇನ್ ಮಾಡೀವಿ?"

ಓವರ್ಸಿಯರ್‌ಗೆ ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. "ಅದೂ ಸರ್ಕಲ್ಲೇ, ಇದೂ ಸರ್ಕಲ್ಲೇ. ಇದು ಹೊಡಿಯಲ್ಲ, ಹೆದರಬೇಡ." ಚೌಕ ಎಳೆದ. "ಸ್ಕ್ವೇರ್." ಮೂರು ಮೂಲೆ ಎಳೆದ. "ಟ್ರಯಾಂಗಲ್."

"ಟ್ರೈ ಅಂಗಳ," ಎಂದಳು ಕರೆಮ್ಮ.

"ಅಂಗಳ ಅಲ್ಲಮ್ಮಾ, ಆಂಗಲ್."

"ಅಂಗಳ."

"ಸಾಯಲಿ. ಇದು ರೆಕ್ಟ್ಯಾಂಗಲ್."

"ಇದೂ ಅಂಗಳನ?"

ಅವನು ಕೋಲು ಬಿಸಾಡಿ ಒಳಗೆ ಹೋದ. ಕರೆಮ್ಮ ಬಗ್ಗಿ ಆ ಗೆರೆಗಳನ್ನು ನೋಡಿದಳು. ಹುಟ್ಟಿದಾಗಿನಿಂದ ಅಂಗಳ ಗುಡಿಸಿದವಳು. ಇಂಗ್ಲಿಷಿನವರಿಗೂ ಅಂಗಳ ಇದೆ ಎಂಬುದು ಅವಳಿಗೆ ಆವತ್ತೇ ಗೊತ್ತಾದದ್ದು. ಅದೂ ಎರಡು.

ಬರುವಾಗ ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡೇ ಬಂದಳು. ತುಟಿ ತೆರೆದರೆ ಒಂದು ಜಾರಿ ಬೀಳುತ್ತದೇನೋ ಎಂಬ ಹೆದರಿಕೆ. ಎದುರಿಗೆ ಬಳೆಗಾರ್ತಿ ಖಾಸಿಂಬೀ ಬಂದಳು. "ಏನ್ ಬೇ ಕರೆಮ್ಮ, ಎತ್ಲಾಗ ಹೋಗಿದ್ದಿ?" ಎಂದಳು. ಕರೆಮ್ಮ ಬಾಯಿ ತೋರಿಸಿ ಕೈಯಾಡಿಸಿದಳು. "ಯಾ ಅಲ್ಲಾ, ಹಲ್ಲು ನೋವೇನು? ಲವಂಗ ಇಡು," ಎಂದು ಖಾಸಿಂಬೀ ಮುಂದೆ ಹೋದಳು. ಕರೆಮ್ಮ ಸರ್ಕಲ್ಲಿಗೆ ಖಾಕಿಯನ್ನು ನೆನೆದಳು. ಸ್ಕ್ವೇರಿಗೆ ಜೋಳ ಅಳೆಯುವ ಸೇರನ್ನು ನೆನೆದಳು. ಉಳಿದೆರಡಕ್ಕೆ ಏನೂ ನೆನೆಯಬೇಕಿರಲಿಲ್ಲ. ಅಂಗಳ ಅವಳ ಸೊಂಟಕ್ಕೆ ಗೊತ್ತು, ಬೆನ್ನಿಗೆ ಗೊತ್ತು. ಕುತ್ತಿಗೆ ಒಂದು ಕಡೆ ತಿರುಗುತ್ತಿರಲಿಲ್ಲ. ಆದರೂ ಎದೆಯೊಳಗೆ ಏನೋ ಒಂದು ಹಗುರ. ಮುದುಕಿ ಇಷ್ಟು ಹೊತ್ತಿಗೆ ಹಾಲು ಕುಡಿದಿರುತ್ತದೆ.

ಮುದುಕಿ ಬೇವಿನ ಬುಡದಲ್ಲಿತ್ತು.

ನೆರಳು ಸರಿದುಹೋಗಿ ಕೂಸು ಬಿಸಿಲಲ್ಲೇ ನಿಂತಿತ್ತು. ಹಣೆಯ ಮೇಲೆ ರಕ್ತ ಒಣಗಿತ್ತು. ಯಾರೂ ಒಂದು ಚಿಟಿಕೆ ಅರಿಶಿನ ಇಟ್ಟಿರಲಿಲ್ಲ. ಮೆಟ್ಟಿಲ ಪಕ್ಕದಲ್ಲಿ ಒಂದು ಹಿತ್ತಾಳೆಯ ಕೊಪ್ಪರಿಗೆ. ಅದರಲ್ಲಿ ಗೋಮೂತ್ರ ಬೆರೆಸಿದ ನೀರು. ನೀರಿನಲ್ಲಿ ಕಟ್ಟಿಗೆಯ ತುಂಡುಗಳು ತೇಲುತ್ತಿದ್ದವು. ಸರ್ಕಾರದ ಬಣ್ಣ ಬಿಟ್ಟು ನೀರೆಲ್ಲ ಕೆಂಪಾಗಿತ್ತು.

"ಅವ್ವಾ," ಎಂದಿತು ಮುದುಕಿ. "ನಾ ಒಳಗ ಕುಂತಿದ್ದೆ. ಜರಾ ಹೊತ್ತು."

"ಹಾಲು?"

"ಕೊಡೋಕಿಂತ ಮೊದಲ ಆಯಿ ಬಂದ್ಲು."

ಆಯಿ ಅಂದರೆ ಸಾವ್ಕಾರನ ತಾಯಿ ಗುರುಲಿಂಗಮ್ಮ. ಪೂಜೆ ಮುಗಿಸಿ ಹೊರಗೆ ಬಂದಿದ್ದಾಳೆ. ಸಾಲಿನ ಕೊನೆಯಲ್ಲಿ ಮಾದಿಗರ ಕೂಸು ಕೂತು ಕೆಂಪು ದುಂಡನ್ನು ಕೆನ್ನೆಗೆ ಒತ್ತಿಕೊಂಡಿರುವುದನ್ನು ಕಂಡಿದ್ದಾಳೆ. ಕೈಗೆ ಸಿಕ್ಕ ಹಳದಿ ತುಂಡು ಬೀಸಿ ಒಗೆದಿದ್ದಾಳೆ. ಮೂರು ಮೂಲೆಯಲ್ಲಿ ಒಂದು ಮೂಲೆ ಹಣೆಗೆ ಬಿದ್ದಿದೆ. ಕೂಸು ಅಂಗಳಕ್ಕೆ, ತುಂಡುಗಳು ಕೊಪ್ಪರಿಗೆಗೆ. ಕಸ್ತೂರೆಮ್ಮ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. ಕಣ್ಣು ನೆಲದಲ್ಲಿದ್ದವು.

"ಬಂದೇನು?" ಎಂದ ಸಾವ್ಕಾರ, ಪಡಸಾಲೆಯ ಮಂಚದ ಮೇಲಿನಿಂದ. ಪಕ್ಕದಲ್ಲಿ ಕರಿಬಸಯ್ಯನವರು ಕಿವಿ ಚುರುಕು ಮಾಡಿ ಕೂತಿದ್ದರು. "ಹೇಳು ಜಲ್ದಿ. ಕೂಸುಗಳಿಗೆ ಬಾಯಿಪಾಠ ಆಗಬೇಕು."

ಕರೆಮ್ಮ ಮಗಳ ಹಣೆಯನ್ನು ಸೆರಗಿನಿಂದ ಒರೆಸಿದಳು. ಎದ್ದು ನಿಂತಳು. ನಾಲ್ಕೂ ಮಾತು ಬಾಯಲ್ಲೇ ಇದ್ದವು. ಒಂದೂ ಜಾರಿರಲಿಲ್ಲ.

"ಹೇಳಂಗಿಲ್ರಿ."

"ಏನಂದಿ?"

"ಹೇಳಂಗಿಲ್ರಿ ಅಂದೆ."

ಕಸಬರಿಗೆ ಅವಳ ಕೈಯಲ್ಲಿರಲಿಲ್ಲ. ಅದಕ್ಕೆ ಈ ಸಲ ಕಣ್ಣು ಕೆಳಗಿಳಿಯಲಿಲ್ಲ. ಮಂಚದ ಮೇಲೆಯೇ ನಿಂತವು.

"ಕೇಳಿದೇನ ಇಕಿ ಸೊಕ್ಕು!" ಎಂದಳು ಒಳಗಿನಿಂದ ಗುರುಲಿಂಗಮ್ಮ.

ಸಾವ್ಕಾರ ಎದ್ದು ಮೆಟ್ಟಿಲ ತುದಿಗೆ ಬಂದ. "ಕೂಸಿಗೆ ಪೆಟ್ಟು ಆಗೈತಿ, ಆತು. ವಯಸ್ಸಾದಾಕಿ, ಆಕಿಗೆ ತಿಳೀಲಿಲ್ಲ. ನಾಳೆ ಬೇಕಾರ ಮ್ಯಾಲಿಂದ ಒಂದ್ ಲೋಟ ಹಾಲು ಹುಯ್ಯಸ್ತೀನಿ. ಈಗ ಹೇಳು."

ಕರೆಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಾಯಾಗ ಇಟ್ಕೊಂಡು ಏನ್ ಮಾಡ್ತಿ ಅದನ್ನ? ಉಗುಳು!"

"ನಮ್ಮ ಉಗುಳು ನಿಮಗ ಆಗಂಗಿಲ್ಲಲ್ರಿ."

 

"ನನ್ನ ಕೂಸು ಮುಟ್ಟಿದ ಕಟಗೀನ ತೊಳಿಯಾಕ ಇಟ್ಟೀರಿ," ಎಂದಳು ಕರೆಮ್ಮ.   "ಬಣ್ಣ ಹೋದ್ರೂ ಹೋಗ್ಲಿ ಅಂತ ಇಟ್ಟೀರಿ. ನನ್ನ ಬಾಯಾಗಿನ ಮಾತು ಯಾವ ನೀರಿಲೆ ತೊಳಿತೀರ್ರಿ? ತೊಳೀದ ನಿಮ್ಮ ಮೊಮ್ಮಕ್ಕಳ ಬಾಯಿಗೆ ಹ್ಯಾಂಗ ಹಾಕ್ತೀರಿ?"

ಕರಿಬಸಯ್ಯನವರು ಕೆಮ್ಮಿದರು. "ಮಾತಿಗೆ ಮೈಲಿಗಿ ಇಲ್ಲ ಬೇ. ವಿದ್ಯಾಕ್ಕ ಮೈಲಿಗಿ ಹತ್ತಂಗಿಲ್ಲ."

"ಹೌದೇನ್ರಿ ಅಯ್ಯಾರ? ಹಂಗಾರ ನನಗ್ಯಾಕ ಕಿಟಕಿ ಹೊರಗ ಕುಂದ್ರಿಸಿದ್ರಿ? ನಾ ಬಂದಿದ್ದು ಮಾತು ಕಲಿಯಾಕ ಅಲ್ಲೇನು? ಬೆತ್ತ ತಿನ್ನಾಕ ಬಂದಿದ್ದೆ?"

ಕಣ್ಣಿನ ಪಕ್ಕದ ಗಾಯದ ಕಲೆಯ ಮೇಲೆ ಅವಳ ಬೆರಳಿತ್ತು. ಕರಿಬಸಯ್ಯನವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. 

ಸಾವ್ಕಾರನ ಮುಖ ಕಪ್ಪಿಟ್ಟಿತು. "ನಿನಗ ನನ್ನ ಹೊಲದಾಗ ಕೆಲಸಿಲ್ಲ. ನಿನ್ನ ದನ ನನ್ನ ಬದುವಿನ ಮ್ಯಾಲ ಕಂಡ್ರ ಕಾಲು ಮುರಿತೀನಿ. ಈ ಅಂಗಳದಾಗ ಕಾಲಿಟ್ಟಿ, ಜ್ವಾಕಿ."

"ಇಡಂಗಿಲ್ರಿ. ಈ ಮಾತು ನಾ ನಿಮ್ಮ ಹೊಲದಾಗ ಆಯ್ದು ತಂದಿಲ್ಲ. ಕುತಿಗಿ ಮ್ಯಾಲ ಹೊತ್ತು ತಂದೀನಿ. ನನ್ನವು."

ಬೇವಿನ ಬುಡದಲ್ಲಿ ಒರಗಿಸಿದ್ದ ಕಸಬರಿಗೆಯನ್ನು ತೆಗೆದುಕೊಂಡಳು. ಅಂಗಳದ ನಡುವೆ ತಂದು ಬಿಸಾಡಿದಳು. ಮುದುಕಿಯನ್ನು ಬಗಲಿಗೆತ್ತಿಕೊಂಡು ಹೊರಟಳು. ತಿರುಗದ ಕುತ್ತಿಗೆ ಹಿಂದಕ್ಕೆ ನೋಡಲು ಬಿಡಲಿಲ್ಲ. ಬಿಟ್ಟಿದ್ದರೂ ಅವಳು ನೋಡುತ್ತಿರಲಿಲ್ಲ.

ಸಂಜೆಗೆ ದುರುಗಪ್ಪನ ಕಿವಿಗೆ ಎಲ್ಲ ಬಿದ್ದಿತ್ತು. ಬಂದವನೇ ಗೋಡೆಗೆ ಒರಗಿ ಕೂತ. "ಹೇಳಿಬಿಟ್ಟಿದ್ರ ಏನ್ ಹೋಗ್ತಿತ್ತು? ಗಾಳ್ಯಾಗಿನ ಮಾತು. ನಾಳಿಂದ ಎಮ್ಮಿ ಎಲ್ಲಿ ಮೇಯಸ್ತಿ?"

 ಕರೆಮ್ಮ ಮಗಳನ್ನು ಎತ್ತಿ ಅವನ ಮುಂದೆ ಕೂರಿಸಿದಳು. ಹಣೆಗೆ ಹಚ್ಚಿದ ಅರಿಶಿನದ ನಡುವೆ ಗಾಯ ಕಾಣುತ್ತಿತ್ತು. ಸರಿಯಾಗಿ ಮೂರು ಮೂಲೆಯ ಗಾಯ. ದುರುಗಪ್ಪ ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ಕೇಳಿದ. "ಇದಕ್ಕ ಇಂಗ್ಲಿಷಿನ್ಯಾಗ ಏನಂತಾರ?"

"ಟ್ರೈ ಅಂಗಳ."

"ಎಲ್ಲಾನೂ ಗೆರಿ ಕೊರದು ತೋರ್ಸು ನನಗ," ಎಂದ.

ಮರುದಿನ ಮುಂಜಾನೆ ಕೇರಿಯಿಂದ ಯಾರ ಕಸಬರಿಗೆಯೂ ಸಾವ್ಕಾರನ ಅಂಗಳಕ್ಕೆ ಹೋಗಲಿಲ್ಲ. ಕರೆಸಿದರೆ ಒಬ್ಬಳಿಗೆ ಜ್ವರ, ಒಬ್ಬಳಿಗೆ ಮೈಕೈ ನೋವು. ಮುದಿ ಯಮನಮ್ಮನಂತೂ, "ನಮಗ ಇಂಗ್ಲಿಷ್ ಬರಂಗಿಲ್ಲಪಾ, ಕಸ ಹ್ಯಾಂಗ ಗುಡಿಸೋಣು?" ಎಂದುಬಿಟ್ಟಳು. ಮೇಡಮ್ಮನನ್ನು ಎದುರುಗೊಳ್ಳಲು ಹಲಗೆ ಬಡಿಯಬೇಕೆಂದು ಸಾವ್ಕಾರನ ಆಳು ಬಂದು ದುರುಗಪ್ಪನನ್ನು ಕೂಗಿದ.

"ಹಲಗಿ ಇಲ್ಲೇ ಬೇಕಾಗೈತಿ," ಎಂದ ದುರುಗಪ್ಪ, ಒಳಗಿನಿಂದಲೇ.

ಆಳು ಕೇರಿಯ ಬಾಯಿಗೆ ಹೋಗಿ, ಅಲ್ಲೇ ನಿಂತು ನೋಡತೊಡಗಿದ.

ಕರೆಮ್ಮನ ಅಂಗಳ ಸಣ್ಣದು. ಸಾರಿಸಿ ಇನ್ನೂ ಹಸಿಯಿತ್ತು. ನಾಲ್ಕು ಆಕಾರಗಳನ್ನು ಬೂದಿಯಿಂದ ಬರೆದಿದ್ದಳು. ಕೇರಿಯ ಮಕ್ಕಳು ಸುತ್ತಲೂ ಕೂತಿದ್ದರು. ಶುರುಮಾಡಬೇಕು, ಅಷ್ಟರಲ್ಲಿ ಸೆರಗು ಮುಚ್ಚಿಕೊಂಡು ಯಾರೋ ಬಂದು ಅಂಗಳದ ಅಂಚಿಗೆ ನಿಂತರು. ಕಸ್ತೂರೆಮ್ಮ. ಆ ಮನೆಯ ಹೆಂಗಸು ಈ ಕೇರಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

"ಕರೆಮ್ಮ, ಜೀಪು ಬರೋ ಹೊತ್ತಾತು. ಹೇಳಿಬಿಡು ಬೇ, ನಿನ್ನ ಕಾಲ್ ಬೀಳ್ತೀನಿ. ಅಯ್ಯಾರು ದುಂಡಂದಕ್ಕ ರೌಂಡು, ಚೌಕಕ್ಕ ಬಾಕ್ಸು ಅಂತ ಕಲಿಸ್ಯಾರ. ಮೂರ್ ಮೂಲಿದಕ್ಕ ಏನೂ ಸಿಕ್ಕಿಲ್ಲ." ಅವಳ ಕಣ್ಣು ತುಂಬಿದವು. "ಶಾಲಿ ಹೋತಂದ್ರ ನಾ ಮತ್ತ ಅಡಗಿಮನಿಗೇ. ಆ ಪಡಸಾಲಿ ಬಿಟ್ರ ನನಗ ಹೊರಗ ಕುಂದ್ರಾಕ ಜಾಗಿಲ್ಲ. ನಿನ್ನಿ ನಾ ಒದರಬೇಕಾಗಿತ್ತು. ಬಾಯಿ ಬರಲಿಲ್ಲ."

ಕರೆಮ್ಮನಿಗೆ ಅರ್ಥವಾಯಿತು. ಬಾಯಿ ಬಾರದಿರುವುದು ಏನೆಂದು ಅವಳಿಗಿಂತ ಬಲ್ಲವರು ಯಾರು? ಅರ್ಥವಾದದ್ದಕ್ಕೇ ಬೈಯಲಿಲ್ಲ. ಅರ್ಥವಾದದ್ದಕ್ಕೇ ಹೇಳಿಬಿಡಲೂ ಇಲ್ಲ.

"ಬರ್ರಿ ಅವ್ವಾರ. ಒಳಗ ಬಂದು ಕುಂದ್ರ್ರಿ. ಮುದುಕಿ ಬಾಜೂಕ ಜಾಗ ಐತಿ. ಕಲಿಸ್ತೀನಿ."

"ಇಲ್ಲೇ ನಿಂತಿರ್ತೀನಿ. ಹೇಳು."

"ಹೊರಗ ನಿಂದ್ರಿಸಿ ಕಲಿಸೋದು ನಮ್ಮ ಶಾಲ್ಯಾಗ ಇಲ್ರಿ."

ಮುದುಕಿ ಪಕ್ಕಕ್ಕೆ ಸರಿದು ಜಾಗ ಮಾಡಿತು. ನೆಲವನ್ನು ಅಂಗೈಯಿಂದ ತಟ್ಟಿ ತೋರಿಸಿತು, ಇಲ್ಲಿ ಎಂದು. ಕಸ್ತೂರೆಮ್ಮ ಕಾಲೆತ್ತಿದಳು. ಎತ್ತಿದ ಕಾಲು ಹಾಗೇ ನಿಂತಿತು. ತಿರುಗಿ ನೋಡಿದಳು. ಕೇರಿಯ ಬಾಯಲ್ಲಿ ಮಾವನ ಆಳು ನಿಂತಿದ್ದ. ಕಾಲು ಇದ್ದಲ್ಲಿಗೇ ಇಳಿಯಿತು.

"ಆಗಂಗಿಲ್ಲ ಕರೆಮ್ಮ," ಎಂದಳು. ಸೀರೆಯ ನೆರಿಗೆ ಎತ್ತಿ ಹಿಡಿದು ಓಡುವಂತೆ ನಡೆದು ಹೋದಳು.

ಅವಳ ಸೆರಗು ತಿರುವಿನಲ್ಲಿ ಮರೆಯಾಗುವ ತನಕ ಕರೆಮ್ಮ ಕಾದಳು. ಆಮೇಲೆ ಗಂಡನ ಕೈಯಿಂದ ದುಂಡನೆಯ ಹಲಗೆ ತೆಗೆದುಕೊಂಡು ಎತ್ತಿ ಹಿಡಿದಳು.

"ಇದು ಸರ್ಕಲ್. ಅನ್ರಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಸಣ್ಣದೊಂದು ಅಳು ಮುಖ ಮಾಡಿತು. ಮುದುಕಿಯೇ ಮೊದಲು ಕೂಗಿದ್ದು. "ಸರ್ಕಲ್!" ಆಮೇಲೆ ಎಲ್ಲರೂ.

ಪಕ್ಕದ ಗುಡಿಸಲಿನಿಂದ ಯಮನಮ್ಮ ಕಂಗಾಲಾಗಿ ಹೊರಗೆ ಬಂದಳು. "ಎಲ್ಲಿ? ಸರ್ಕಲ್ ಎಲ್ಲಿ ಬಂದಾನ? ನನ್ನ ಮಗ ಏನೂ ಮಾಡಿಲ್ರೀ!"

"ಹೆದರಬ್ಯಾಡ ಆಯಿ," ಎಂದ ದುರುಗಪ್ಪ. "ಇದು ನಮ್ಮ ಸರ್ಕಲ್. ಇದನ್ನ ನಾವು ಬಡೀತೀವಿ."

ಕೇರಿಯೇ ನಕ್ಕಿತು. ಯಮನಮ್ಮನೂ ಬೊಚ್ಚುಬಾಯಿ ತೆರೆದು ನಕ್ಕಳು. ಅಷ್ಟರಲ್ಲಿ ಊರ ಮುಂದಿನ ದಾರಿಯಲ್ಲಿ ಜೀಪಿನ ಸದ್ದು ಬಂತು. ಧೂಳೆದ್ದಿತು. ಜೀಪೆಂದರೆ ಹಿಂದೆ ಬಿದ್ದು ಓಡುವ ಮಕ್ಕಳು ಆವತ್ತು ಏಳಲಿಲ್ಲ. ಜೀಪು ಕೇರಿಯ ಕಡೆಗೆ ತಿರುಗಲಿಲ್ಲ. ಗುಡಿಸದ ಅಂಗಳದ ಕಡೆಗೆ ಹೋಯಿತು. ಅಲ್ಲಿ ಯಾರು ಏನು ಹೇಳಿದರೋ, ಕರೆಮ್ಮ ಕೇಳಲು ಹೋಗಲಿಲ್ಲ.

ಮುದುಕಿ ಎದ್ದು ಬೂದಿಯ ಗೆರೆ ದಾಟಿತು. ಮೂರು ಮೂಲೆಯ ಒಳಗೆ ಹೋಗಿ ನೆಟ್ಟಗೆ ನಿಂತಿತು. ಹಣೆಯ ಅರಿಶಿನ ಬಿಸಿಲಿಗೆ ಹೊಳೆಯುತ್ತಿತ್ತು.

"ಟ್ರೈ ಅಂಗಳ!" ಎಂದು ಕೂಗಿತು. ಆಮೇಲೆ ಕಾಲ ಕೆಳಗೆ ನೋಡಿ ಕೇಳಿತು. "ಅವ್ವಾ, ಇದು ಯಾರ ಅಂಗಳ?"

"ಗುಡಿಸಿದೋರದು," ಎಂದಳು ಕರೆಮ್ಮ.

ಕೂಸು ಯೋಚಿಸಿತು. "ಹಂಗಾರ ಸಾವ್ಕಾರ್ರದೂ ನಮ್ದ?"

ಗೆರೆಯ ಆಚೆ ಕೂತಿದ್ದ ಮಕ್ಕಳೆಲ್ಲ ಕರೆಮ್ಮನ ಬಾಯಿಯನ್ನೇ ನೋಡುತ್ತಿದ್ದರು.

"ಹೌದು," ಎಂದು ಉದ್ದನೆಯ ಚೌಕದ ಕಡೆಗೆ ಕೈ ತೋರಿಸಿದಳು. "ಈಗ ಇನ್ನೊಂದು ಅಂಗಳದ ಹೆಸರು ಹೇಳ್ರಿ. ಜೋರಾಗಿ."